ಪರದೇಶದ ದುಡಿಮೆ, ತಾಯ್ನಾಡಿನ ತೆರಿಗೆ

(ಶತಮಾನೋತ್ಸವದ ಉಪನ್ಯಾಸಮಾಲೆಯಲ್ಲಿ ಧರ್ಮಕೇಂದ್ರದ ಗುರುಗಳು ಮಾಡಿದ ಭಾಷಣ)

ಪೂಜ್ಯ ಗುರುಗಳೇ, ಧರ್ಮಭಗಿನಿಯರೇ, ಸಿಂಧನೂರು, ಲಿಂಗಸುಗೂರು, ಮಸ್ಕಿ ಭಾಗಗಳಿಂದ ಬಂದು ನೆರೆದಿರುವ ಪ್ರಿಯ ಭಕ್ತಾದಿಗಳೇ,

ನಮ್ಮ ಪಾಲಿಗೆ ಬಂದ ಈ ಸಂಜೆಗೆ ಆದಾಯ ತೆರಿಗೆಯೇ ವಿಷಯವೆಂದು ಪ್ರಕಟಿಸಿದಾಗ ಹಲವರು ಮುಗುಳ್ನಕ್ಕರೆಂದು ಕೇಳಿದ್ದೇವೆ. ಬಲಿಪೂಜೆ ಅರ್ಪಿಸುವವರಿಗೂ ಬ್ಯಾಂಕಿನ ಲೆಕ್ಕಕ್ಕೂ ಏನು ಸಂಬಂಧವೆಂದು ಒಬ್ಬ ಹಿರಿಯರು ನೇರವಾಗಿಯೇ ಕೇಳಿದರು. ಸಂಬಂಧವನ್ನು ತಂದವರು ನೀವೇ. ಹಿಂದೆ ಧರ್ಮಕೇಂದ್ರದ ಕಚೇರಿಗೆ ಜನ ಬರುತ್ತಿದ್ದುದು ಜ್ಞಾನಸ್ನಾನದ ಪ್ರಮಾಣಪತ್ರಕ್ಕಾಗಿ, ಮದುವೆಯ ಪ್ರಕಟಣೆಗಾಗಿ. ಈಗ ದುಬೈ, ದೋಹಾ, ಕುವೈತುಗಳಲ್ಲಿರುವ ಮಕ್ಕಳ ಹೆಸರಿಗೆ ಬಂದ ಇಂಗ್ಲಿಷ್ ಕಾಗದಗಳನ್ನು ಕೈಚೀಲದಿಂದ ತೆಗೆದು, "ಫಾದರ್, ಇದರಲ್ಲಿ ಏನು ಬರೆದಿದೆ ನೋಡಿ" ಎನ್ನುವ ತಾಯಂದಿರು ಹೆಚ್ಚಾಗಿದ್ದಾರೆ. ಆ ಕಾಗದಗಳನ್ನು ಓದಿ ಓದಿ, ತಿಳಿದವರನ್ನು ಕೇಳಿ ಕೇಳಿ ನಾವು ಕಲಿತದ್ದನ್ನು ಇಂದು ಒಟ್ಟಾಗಿ ಅರಿಕೆ ಮಾಡಿಕೊಳ್ಳುತ್ತೇವೆ. ನಾವು ಲೆಕ್ಕಪರಿಶೋಧಕರಲ್ಲ. ದೊಡ್ಡ ಮೊತ್ತದ ವ್ಯವಹಾರವಿದ್ದವರು ಅವರ ಬಳಿಗೇ ಹೋಗತಕ್ಕದ್ದು.

ಹೊಟ್ಟೆಪಾಡಿಗಾಗಿ ಪರದೇಶದಲ್ಲಿ ದುಡಿಯುವುದು ನಮ್ಮ ಸೀಮೆಗೆ ಹೊಸತೇನಲ್ಲ. ಹೋದವರಷ್ಟೇ ಅಲ್ಲ, ಇಲ್ಲಿಗೆ ಬಂದವರೂ ಉಂಟು. ಮಸ್ಕಿಯ ಬಂಡೆಯ ಮೇಲಿನ ಶಾಸನವನ್ನು 1915ರಲ್ಲಿ ಬೆಳಕಿಗೆ ತಂದ ಸಿ. ಬೀಡನ್ ಎಂಬವರು ಚಿನ್ನದ ಗಣಿಯ ಇಂಜಿನಿಯರು. ಚಿನ್ನ ಹುಡುಕಲು ಬಂದ ಆ ಪರದೇಶೀಯರ ಕಣ್ಣಿಗೆ ಅಶೋಕ ಚಕ್ರವರ್ತಿಯ ಹೆಸರೇ ಬಿದ್ದಿತು. ಇತರ ಶಾಸನಗಳಲ್ಲಿ ಕೇವಲ 'ದೇವಾನಾಂಪ್ರಿಯ' ಎಂದಿದ್ದವನು ಅಶೋಕನೇ ಎಂಬುದು ದೃಢಪಟ್ಟದ್ದು ಈ ಮಸ್ಕಿಯಿಂದ. ಅದೇ ಅಶೋಕನು ಬುದ್ಧನ ಜನ್ಮಸ್ಥಳವಾದ ಲುಂಬಿನಿಗೆ ಹೋದಾಗ ಆ ಗ್ರಾಮದ ಒಂದು ತೆರಿಗೆಯನ್ನು ಪೂರ್ತಿಯಾಗಿ ಬಿಟ್ಟು, ಬೆಳೆಯ ಪಾಲನ್ನು ಎಂಟನೆಯ ಒಂದು ಭಾಗಕ್ಕೆ ಇಳಿಸಿದನೆಂದು ಅಲ್ಲಿನ ಕಂಬದ ಮೇಲೆ ಬರೆದಿದೆ. ತೆರಿಗೆ ವಿನಾಯಿತಿಯ ಆಸೆ ಅಷ್ಟು ಹಳೆಯದು.

ಭಾರತಕ್ಕೆ ಆದಾಯ ತೆರಿಗೆಯನ್ನು ತಂದವರೂ ಪರದೇಶದಲ್ಲಿ ದುಡಿಯಲು ಬಂದವರೇ. ಸ್ಕಾಟ್ಲೆಂಡಿನ ಜೇಮ್ಸ್ ವಿಲ್ಸನ್ ಎಂಬವರು 1857ರ ದಂಗೆಯಿಂದ ಬರಿದಾಗಿದ್ದ ಬೊಕ್ಕಸವನ್ನು ತುಂಬಲು 1860ರಲ್ಲಿ ಅದನ್ನು ಜಾರಿಗೊಳಿಸಿ, ಅದೇ ವರ್ಷ ಕಲ್ಕತ್ತೆಯಲ್ಲಿ ತೀರಿಕೊಂಡರು. ನಮ್ಮ ಈ ಮೂರೂ ಊರುಗಳು ಆಗ ನಿಜಾಮರ ರಾಜ್ಯದಲ್ಲಿದ್ದವು. ಇಲ್ಲಿ ಚಲಾವಣೆಯಲ್ಲಿದ್ದುದು ಹಾಲಿ ಸಿಕ್ಕಾ. ಬೊಂಬಾಯಿಯಲ್ಲಿ ದುಡಿದು ತಂದದ್ದು ಕಲ್ದಾರ್ ರೂಪಾಯಿ. ಏಳು ಹಾಲಿಗೆ ಆರು ಕಲ್ದಾರ್ ಎಂಬ ಲೆಕ್ಕವನ್ನು ನಮ್ಮ ಅಜ್ಜಂದಿರು ಬೆರಳುಗಳ ಮೇಲೆಯೇ ಮಾಡುತ್ತಿದ್ದರು. ಇಂದಿನ ಮೊಮ್ಮಕ್ಕಳು ದಿರ್ಹಾಮು, ರಿಯಾಲುಗಳ ಲೆಕ್ಕವನ್ನು ಮಾಡುತ್ತಾರೆ. ಲೆಕ್ಕ ಬೇರೆ, ಗೊಂದಲ ಒಂದೇ.

ಪರದೇಶದಲ್ಲಿ ದುಡಿಯುವವನು ಯಾರಿಗೆ ತೆರಿಗೆ ಕೊಡಬೇಕು ಎಂಬುದು ಬಹಳ ಹಳೆಯ ಪ್ರಶ್ನೆ. ಮತ್ತಾಯನ ಶುಭಸಂದೇಶದ ಹದಿನೇಳನೆಯ ಅಧ್ಯಾಯದಲ್ಲಿ, ಕಫರ್ನವುಮಿನಲ್ಲಿ ಯೇಸುಸ್ವಾಮಿ ಪೇತ್ರನಿಗೆ ಇದನ್ನೇ ಕೇಳುತ್ತಾರೆ: ಅರಸರು ಸುಂಕವನ್ನು ತಮ್ಮ ಮಕ್ಕಳಿಂದ ಪಡೆಯುವರೋ, ಪರಕೀಯರಿಂದಲೋ? ಆ ಕಾಲದಲ್ಲಿ ಪರಕೀಯರೇ ಹೊರೆ ಹೊರಬೇಕಾಗಿತ್ತು. ಇಂದಿನ ದೇಶಗಳ ಕಾನೂನು ಮಗನೋ ಪರಕೀಯನೋ ಎಂದು ಕೇಳುವುದಿಲ್ಲ. ಎಷ್ಟು ದಿನ ನಮ್ಮ ನೆಲದ ಮೇಲೆ ಇದ್ದೆ ಎಂದು ಕೇಳುತ್ತದೆ. ಈ ಒಂದು ಮಾತನ್ನು ಹಿಡಿದುಕೊಂಡರೆ ಉಳಿದದ್ದೆಲ್ಲ ತಾನಾಗಿ ಬಿಚ್ಚಿಕೊಳ್ಳುತ್ತದೆ.

ಭಾರತದ ಆದಾಯ ತೆರಿಗೆಗೆ ಪೌರತ್ವ ಮುಖ್ಯವಲ್ಲ, ವಾಸ ಮುಖ್ಯ. ಏಪ್ರಿಲ್ 1ರಿಂದ ಮಾರ್ಚ್ 31ರವರೆಗಿನ ವರ್ಷದಲ್ಲಿ 182 ದಿನ ಅಥವಾ ಅದಕ್ಕಿಂತ ಹೆಚ್ಚು ಭಾರತದಲ್ಲಿ ಇದ್ದವನು ನಿವಾಸಿ. ನಿವಾಸಿಯಾದವನು ಸಾಮಾನ್ಯವಾಗಿ ಜಗತ್ತಿನ ಯಾವ ಮೂಲೆಯಲ್ಲಿ ಗಳಿಸಿದ್ದಕ್ಕೂ ಇಲ್ಲಿ ಲೆಕ್ಕ ಒಪ್ಪಿಸಬೇಕು. ಅನಿವಾಸಿಯಾದವನು ಭಾರತದಲ್ಲಿ ಹುಟ್ಟಿದ ಆದಾಯಕ್ಕೆ, ಅಂದರೆ ಇಲ್ಲಿನ ಬಾಡಿಗೆ, ಬಡ್ಡಿ, ಜಮೀನು ಮಾರಾಟದ ಲಾಭ ಮುಂತಾದವುಗಳಿಗೆ ಮಾತ್ರ ತೆರಿಗೆ ಕೊಟ್ಟರೆ ಸಾಕು. ಅಲ್ಲಿ ದುಡಿದ ಸಂಬಳವನ್ನು ಈ ಸರ್ಕಾರ ಮುಟ್ಟುವುದಿಲ್ಲ. 60 ದಿನಗಳ ಇನ್ನೊಂದು ನಿಯಮವೂ ಉಂಟು. ಆದರೆ ಉದ್ಯೋಗಕ್ಕಾಗಿ ದೇಶ ಬಿಡುವ ಭಾರತೀಯ ಪ್ರಜೆಗೆ ಆ ವರ್ಷ ಅದರ ಬಾಧೆಯಿಲ್ಲ, ಅವನಿಗೆ 182 ದಿನಗಳ ಲೆಕ್ಕವೇ. 1961ರ ಕಾಯಿದೆಯ ಜಾಗದಲ್ಲಿ 2026ರ ಏಪ್ರಿಲ್ 1ರಿಂದ ಜಾರಿಗೆ ಬರುವಂತೆ 2025ರಲ್ಲಿ ಹೊಸ ಕಾಯಿದೆಯನ್ನು ಮಾಡಲಾಗಿದೆ. ಅದರಲ್ಲಿ ಕಲಮುಗಳ ಸಂಖ್ಯೆ ಬದಲಾಗಿದೆ, ದಿನಗಳ ಈ ಲೆಕ್ಕ ಬದಲಾಗಿಲ್ಲ.

ಉದಾಹರಣೆಯಿಂದ ಹೇಳೋಣ. ಒಬ್ಬ ಯುವಕನು ಸೆಪ್ಟೆಂಬರ್ 20ರಂದು ದೋಹಾಕ್ಕೆ ಹೊರಟನು ಎನ್ನೋಣ. ಏಪ್ರಿಲ್ 1ರಿಂದ ಅಂದಿಗೆ 173 ದಿನ. ಆ ವರ್ಷವೆಲ್ಲ ಅವನು ಮತ್ತೆ ಊರಿಗೆ ಬಾರದಿದ್ದರೆ ಅವನು ಅನಿವಾಸಿ. ದೋಹಾದ ಸಂಬಳದ ಬಗ್ಗೆ ಇಲ್ಲಿ ಪ್ರಶ್ನೆಯಿಲ್ಲ. ಅವನ ಗೆಳೆಯನು ದಸರೆಯನ್ನು ಮುಗಿಸಿಕೊಂಡು ಅಕ್ಟೋಬರ್ 15ಕ್ಕೆ ಹೊರಟನು. ಅವನ ಲೆಕ್ಕ 198 ದಿನ. ಇಬ್ಬರೂ ಒಂದೇ ಕಂಪನಿ, ಒಂದೇ ಕೊಠಡಿ, ಒಂದೇ ಸಂಬಳ. ಆದರೂ ಎರಡನೆಯವನು ಆ ವರ್ಷಕ್ಕೆ ಭಾರತದ ನಿವಾಸಿ, ಮಾರ್ಚ್ ಕೊನೆಯವರೆಗಿನ ದೋಹಾದ ಸಂಬಳವನ್ನೂ ಇಲ್ಲಿ ತೋರಿಸಬೇಕು. ಚಾಲಕನೋ ಗಾರೆ ಕೆಲಸದವನೋ ಆದರೆ ಕಟ್ಟಬೇಕಾದ ತೆರಿಗೆ ಬಹುಶಃ ಏನೂ ಇರಲಾರದು, ಏಕೆಂದರೆ 2025ರ ಮುಂಗಡಪತ್ರದ ನಂತರ ಹೊಸ ಪದ್ಧತಿಯಲ್ಲಿ ನಿವಾಸಿಯ 12 ಲಕ್ಷ ರೂಪಾಯಿವರೆಗಿನ ಸಾಮಾನ್ಯ ಆದಾಯಕ್ಕೆ ತೆರಿಗೆ ಬೀಳುವುದಿಲ್ಲ. ಆದರೆ ದಾದಿಯರು, ಇಂಜಿನಿಯರುಗಳು ಗಳಿಸುವ ಮೊತ್ತ ಅದನ್ನು ದಾಟಬಹುದು. ಅಲ್ಲದೆ ತೆರಿಗೆ ಇರಲಿ ಬಿಡಲಿ, ಅಲ್ಲಿ ತೆರೆದ ಬ್ಯಾಂಕ್ ಖಾತೆಯ ವಿವರವನ್ನು ವಿವರಪಟ್ಟಿಯಲ್ಲಿ ತಿಳಿಸತಕ್ಕದ್ದು. ದಲ್ಲಾಳಿ ವೀಸಾ ಕೊಡುವುದೇ ತಡವಾದರೆ ಯಾರೇನು ಮಾಡಿಯಾರು? ಕೈಯಲ್ಲಿ ಆಯ್ಕೆ ಇದ್ದವನು ಮಾತ್ರ ಪಂಚಾಂಗದ ಜೊತೆಗೆ ಈ ಲೆಕ್ಕವನ್ನೂ ನೋಡಿ ಹೊರಡಲಿ.

ಹಿಂದಿರುಗಿ ಬರುವಾಗಲೂ ಹೀಗೆಯೇ. ಮೇ ತಿಂಗಳಲ್ಲಿ ಕೆಲಸ ಬಿಟ್ಟು ಊರಿಗೆ ಬಂದವನು ಆ ವರ್ಷವೇ ನಿವಾಸಿಯಾಗುತ್ತಾನೆ. ಹಾಗೆಂದು ಹೆದರಬೇಕಾಗಿಲ್ಲ. ಹಿಂದಿನ 10 ವರ್ಷಗಳಲ್ಲಿ 9 ವರ್ಷ ಅನಿವಾಸಿಯಾಗಿದ್ದವನಿಗೆ, ಅಥವಾ ಹಿಂದಿನ 7 ವರ್ಷಗಳಲ್ಲಿ ಒಟ್ಟು 729 ದಿನ ಮೀರದಂತೆ ಮಾತ್ರ ಇಲ್ಲಿದ್ದವನಿಗೆ, ಕಾನೂನು ಒಂದು ನಡುವಣ ಸ್ಥಾನವನ್ನು ಇಟ್ಟಿದೆ. ಆ ಅವಧಿಯಲ್ಲಿ ವಿದೇಶದಲ್ಲೇ ಹುಟ್ಟಿ ವಿದೇಶದಲ್ಲೇ ಕೈಸೇರಿದ ಆದಾಯಕ್ಕೆ ಸಾಮಾನ್ಯವಾಗಿ ಇಲ್ಲಿ ತೆರಿಗೆಯಿಲ್ಲ. ದೀರ್ಘಕಾಲ ದುಡಿದು ಬಂದವರಿಗೆ ಇದು ಎರಡು ಮೂರು ವರ್ಷಗಳ ಉಸಿರಾಟ.

2020ರ ಫೆಬ್ರವರಿ 1ರ ಮುಂಗಡಪತ್ರ ಬಂದ ದಿನ ನಮ್ಮ ಅನೇಕ ಮನೆಗಳಲ್ಲಿ ಗಾಬರಿಯುಂಟಾಯಿತು. ಎಲ್ಲಿಯೂ ತೆರಿಗೆ ಕೊಡದ ಭಾರತೀಯ ಪ್ರಜೆಯನ್ನು ಇಲ್ಲಿನ ನಿವಾಸಿಯೆಂದೇ ಎಣಿಸಲಾಗುವುದೆಂಬ ಪ್ರಸ್ತಾಪ ಅದರಲ್ಲಿತ್ತು. ಕೊಲ್ಲಿ ರಾಷ್ಟ್ರಗಳಲ್ಲಿ ಸಂಬಳದ ಮೇಲೆ ತೆರಿಗೆಯೇ ಇಲ್ಲದ್ದರಿಂದ ಅಲ್ಲಿನ ಎಲ್ಲರ ಸಂಬಳವೂ ಸಿಕ್ಕಿಬಿದ್ದಂತೆಯೇ ಎಂದು ಜನ ಭಾವಿಸಿದರು. ಮರುದಿನವೇ ಸರ್ಕಾರ, ಪ್ರಾಮಾಣಿಕವಾಗಿ ದುಡಿಯುವವರ ಸಂಬಳವನ್ನು ಮುಟ್ಟುವ ಉದ್ದೇಶವಿಲ್ಲವೆಂದು ಸ್ಪಷ್ಟಪಡಿಸಿತು. ಕಡೆಗೆ ಅಂಗೀಕಾರವಾದ ನಿಯಮವು ವಿದೇಶದ ಆದಾಯ ಬಿಟ್ಟು 15 ಲಕ್ಷ ರೂಪಾಯಿಗಿಂತ ಹೆಚ್ಚು ಗಳಿಕೆ ಇರುವವರಿಗೆ ಮಾತ್ರ ಅನ್ವಯಿಸುತ್ತದೆ. ಅಂಥವರಿಗೂ ಅಲ್ಲಿನ ಸಂಬಳಕ್ಕೆ ತೆರಿಗೆಯಿಲ್ಲ. ರಜೆಗೆ ಬಂದವರ 182 ದಿನಗಳ ಮಿತಿಯನ್ನು 120ಕ್ಕೆ ಇಳಿಸಿದ್ದೂ ಇದೇ 15 ಲಕ್ಷದವರಿಗೆ. ನಮ್ಮ ಸಭೆಯಲ್ಲಿ ಆ ಸಾಲಿನವರು ಇದ್ದರೆ ದಯವಿಟ್ಟು ದೇವಾಲಯದ ಗೋಪುರದ ನಿಧಿಯನ್ನು ಮರೆಯಬೇಡಿರಿ.

ಇನ್ನು ಕೊಲ್ಲಿಯಲ್ಲಿ ತೆರಿಗೆಯೇ ಇಲ್ಲವೆಂಬ ಮಾತು. ಸಂಬಳದ ಮೇಲೆ ಇಲ್ಲ, ನಿಜ. ಆದರೆ ಸೌದಿ ಅರೇಬಿಯಾ ಕುಟುಂಬವನ್ನು ಜೊತೆಗಿಟ್ಟುಕೊಂಡ ವಿದೇಶಿಯ ಪ್ರತಿ ಅವಲಂಬಿತರಿಗೆ 2017ರಲ್ಲಿ ತಿಂಗಳಿಗೆ 100 ರಿಯಾಲಿನ ಶುಲ್ಕ ವಿಧಿಸಿ, 2020ರ ವೇಳೆಗೆ ಅದನ್ನು 400 ರಿಯಾಲಿಗೆ ಏರಿಸಿತು. ಹೆಂಡತಿಮಕ್ಕಳನ್ನು ಊರಿಗೆ ಕಳುಹಿಸಿ ಒಂಟಿಯಾಗಿ ಉಳಿದವರ ಸಂಕಟದ ಹಿಂದೆ ಇಂಥ ಶುಲ್ಕಗಳೂ ಇವೆ. ಕೊಂಡ ವಸ್ತುಗಳ ಮೇಲೆ ದುಬೈಯಲ್ಲಿ 2018ರಿಂದ ನೂರಕ್ಕೆ 5, ಸೌದಿಯಲ್ಲಿ 2020ರ ಜುಲೈಯಿಂದ ನೂರಕ್ಕೆ 15 ತೆರಿಗೆ. ಒಮಾನ್ ದೇಶವಂತೂ 2028ರಿಂದ ವರ್ಷಕ್ಕೆ 42,000 ರಿಯಾಲಿಗಿಂತ ಹೆಚ್ಚಿನ ಆದಾಯದ ಮೇಲೆ ನೂರಕ್ಕೆ 5ರಂತೆ ಆದಾಯ ತೆರಿಗೆಯನ್ನೇ ವಿಧಿಸುವುದಾಗಿ 2025ರಲ್ಲಿ ಸಾರಿದೆ. ಇಸ್ರೇಲ್, ಇಟಲಿಗಳಲ್ಲಿ ವೃದ್ಧರ ಆರೈಕೆಗೆ ಹೋದ ನಮ್ಮವರಿಗೆ ಸಂಬಳದ ತೆರಿಗೆ ಅಲ್ಲಿನ ಕಾನೂನಿನಂತೆ ಅಲ್ಲಿಯೇ. ಒಂದೇ ಆದಾಯಕ್ಕೆ ಎರಡು ದೇಶಗಳಲ್ಲಿ ತೆರಿಗೆ ಬೀಳದಂತೆ ಭಾರತ ಈ ದೇಶಗಳೊಡನೆ ಒಪ್ಪಂದಗಳನ್ನು ಮಾಡಿಕೊಂಡಿದೆ. ಅದರ ಲಾಭ ಬೇಕಾದವರು ಅಲ್ಲಿನ ವಾಸದ ಪ್ರಮಾಣಪತ್ರವನ್ನು ಪಡೆದಿರಬೇಕು.

ಈಗ ನಮ್ಮ ಕಚೇರಿಗೆ ಹೆಚ್ಚಾಗಿ ಬರುವ ಕಾಗದದ ವಿಷಯ. ಮಗ ಹೊರಡುವ ಮುನ್ನ ಸಿಂಧನೂರಿನಲ್ಲೋ ಲಿಂಗಸುಗೂರಿನಲ್ಲೋ ತೆರೆದಿದ್ದ ಸಾಮಾನ್ಯ ಉಳಿತಾಯ ಖಾತೆಯಲ್ಲಿಯೇ ವರ್ಷಗಟ್ಟಲೆ ಹಣ ಬರುತ್ತಿರುತ್ತದೆ. ಉದ್ಯೋಗಕ್ಕೆ ವಿದೇಶಕ್ಕೆ ಹೋದವನು ಬ್ಯಾಂಕಿಗೆ ತಿಳಿಸಿ ಆ ಖಾತೆಯನ್ನು ಎನ್‌ಆರ್‌ಒ ಖಾತೆಯಾಗಿ ಬದಲಾಯಿಸಿಕೊಳ್ಳಬೇಕು. ಅಲ್ಲಿಂದ ಕಳುಹಿಸುವ ಸಂಬಳಕ್ಕೆ ಎನ್‌ಆರ್‌ಇ ಎಂಬ ಇನ್ನೊಂದು ಖಾತೆ ಉಂಟು. ಇವೆರಡರ ಹೆಸರಿನಲ್ಲಿ ಒಂದೇ ಅಕ್ಷರದ ವ್ಯತ್ಯಾಸ. ಜೇಬಿಗೆ ಮಾತ್ರ ಬಹಳ ವ್ಯತ್ಯಾಸ. ವಿದೇಶವಾಸಿಯ ಎನ್‌ಆರ್‌ಇ ಖಾತೆಯ ಬಡ್ಡಿಗೆ ತೆರಿಗೆಯಿಲ್ಲ. ಎನ್‌ಆರ್‌ಒ ಖಾತೆಯ ಬಡ್ಡಿಯಲ್ಲಿ ಬ್ಯಾಂಕು ಮೊದಲ ರೂಪಾಯಿಯಿಂದಲೇ ನೂರಕ್ಕೆ 30ರಂತೆ, ಮೇಲುತೆರಿಗೆ ಸೇರಿ 31 ರೂಪಾಯಿ 20 ಪೈಸೆಯಂತೆ ಮುರಿದುಕೊಳ್ಳುತ್ತದೆ. "ನಮ್ಮ ಹುಡುಗನ ಬಡ್ಡಿಯನ್ನು ಬ್ಯಾಂಕಿನವರು ನುಂಗಿದರು" ಎಂದು ಒಬ್ಬ ತಾಯಿ ನಮ್ಮ ಮುಂದೆ ಕಣ್ಣೀರಿಟ್ಟಳು. ನುಂಗಿರಲಿಲ್ಲ, ಸರ್ಕಾರಕ್ಕೆ ಕಟ್ಟಿದ್ದರು. ಆ ವರ್ಷ ಹುಡುಗನ ಭಾರತದ ಒಟ್ಟು ಆದಾಯ ತೆರಿಗೆಯ ಮಿತಿಗಿಂತ ಕಡಿಮೆಯಿದ್ದುದರಿಂದ, ವಿವರಪಟ್ಟಿ ಸಲ್ಲಿಸಿದ ಮೇಲೆ ಹಣ ಹಿಂದಕ್ಕೆ ಬಂದಿತು. ಕೇಳದಿದ್ದವರಿಗೆ ಬಾರದು, ಅಷ್ಟೆ.

ಒಂದು ವಿಷಯದಲ್ಲಿ ಮಾತ್ರ ಈ ಕಾನೂನು ದುಡಿಯುವ ಬಡವನಿಗೆ ಕಠಿಣವಾಗಿದೆ ಎಂದೇ ನಮ್ಮ ಭಾವನೆ. ಮೇಲೆ ಹೇಳಿದ 12 ಲಕ್ಷದ ರಿಯಾಯಿತಿ ನಿವಾಸಿಗಳಿಗೆ ಮಾತ್ರ. ಅನಿವಾಸಿಗೆ ಹೊಸ ಪದ್ಧತಿಯಲ್ಲಿ 4 ಲಕ್ಷ ರೂಪಾಯಿಯ ಮೂಲ ವಿನಾಯಿತಿ ಇದೆ. ಅದರಾಚೆಗಿನ ಬಾಡಿಗೆ, ಬಡ್ಡಿಗಳಿಗೆ ತೆರಿಗೆ ಬೀಳುತ್ತದೆ. ಊರಿನಲ್ಲಿ ಕುಳಿತ ವ್ಯಾಪಾರಿಗೆ ಇರುವ ಸೌಲಭ್ಯ ಮರಳುಗಾಡಿನಲ್ಲಿ ಬೆವರು ಸುರಿಸುವವನಿಗೆ ಇಲ್ಲ.

ಮಗ ಕಳುಹಿಸಿದ ಹಣ ತಂದೆತಾಯಿಗಳಿಗೆ ಆದಾಯವಾಗುವುದೇ ಎಂದು ಹಲವರು ಕೇಳಿದ್ದೀರಿ. ಆಗುವುದಿಲ್ಲ. ಹತ್ತಿರದ ಸಂಬಂಧಿಕರು ಕೊಟ್ಟದ್ದಕ್ಕೆ, ಮೊತ್ತ ಎಷ್ಟೇ ಇರಲಿ, ತೆರಿಗೆಯಿಲ್ಲ. ಆದರೆ ಗಂಡ ಕಳುಹಿಸಿದ ಹಣವನ್ನು ಹೆಂಡತಿ ತನ್ನ ಹೆಸರಿನಲ್ಲಿ ಠೇವಣಿ ಇಟ್ಟರೆ ಆ ಬಡ್ಡಿಯನ್ನು ಗಂಡನ ಆದಾಯಕ್ಕೇ ಸೇರಿಸುತ್ತಾರೆ. ಹುಂಡಿಯವನ ಮೂಲಕ ತರಿಸಿಕೊಂಡರೆ ಮಾತ್ರ ಕಷ್ಟ. ಅದು ಕಾನೂನಿಗೆ ವಿರುದ್ಧ. ನಾಳೆ ಅಧಿಕಾರಿ ಈ ಹಣ ಎಲ್ಲಿಯದೆಂದು ಕೇಳಿದರೆ ತೋರಿಸಲು ತುಂಡು ಕಾಗದವೂ ಇರುವುದಿಲ್ಲ.

ಇದೆಲ್ಲಕ್ಕಿಂತ ಹೆಚ್ಚಾಗಿ ನಮ್ಮನ್ನು ಚಿಂತೆಗೀಡುಮಾಡಿರುವುದು ಹೊಲದ ವಿಷಯ. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಬಂದ ಮೇಲೆ ನಮ್ಮ ಸೀಮೆಯಲ್ಲಿ ಭತ್ತದ ಗದ್ದೆಗೆ ಇರುವ ಗೌರವ ಬೇರೆ ಯಾವುದಕ್ಕೂ ಇಲ್ಲ. ಕೊಲ್ಲಿಗೆ ಹೋದ ಪ್ರತಿಯೊಬ್ಬ ಹುಡುಗನ ಕನಸು ಎರಡು ಎಕರೆ ನೀರಾವರಿ. ಕೃಷಿಯ ಆದಾಯಕ್ಕೆ ಕೇಂದ್ರದ ತೆರಿಗೆ ಇಲ್ಲವೆಂಬ ಆಸೆಯೂ ಇದೆ; ಅದು ಸರಿಯೇ. ಆದರೆ ವಿದೇಶೀ ವಿನಿಮಯದ ನಿಯಮದಂತೆ ಅನಿವಾಸಿಯು ಕೃಷಿ ಭೂಮಿಯನ್ನು ಕ್ರಯಕ್ಕೆ ಕೊಳ್ಳುವಂತಿಲ್ಲ. ಮನೆ ಕೊಳ್ಳಬಹುದು, ಅಂಗಡಿ ಕೊಳ್ಳಬಹುದು, ಪಿತ್ರಾರ್ಜಿತವಾಗಿ ಬಂದ ಹೊಲವನ್ನು ಇಟ್ಟುಕೊಳ್ಳಬಹುದು; ಗದ್ದೆ ಕೊಳ್ಳುವಂತಿಲ್ಲ. ಹಾಗಾಗಿ ಮಗ ಹಣ ಕಳುಹಿಸುತ್ತಾನೆ, ತಂದೆ ತನ್ನ ಹೆಸರಿಗೆ ಬರೆಸಿಕೊಳ್ಳುತ್ತಾನೆ.

ಮುಂದೆ ಏನಾಗುತ್ತದೆ? ಹಣ ನಿಜವಾಗಿ ತಂದೆಗೆ ಕೊಟ್ಟದ್ದಾದರೆ ಹೊಲ ತಂದೆಯದೇ. ಹೆಸರು ಮಾತ್ರ ತಂದೆಯದು, ಹೊಲ ನನ್ನದು ಎಂದು ಮಗ ವಾದಿಸಿದರೆ ಬೇನಾಮಿ ಕಾನೂನಿನ ಬಾಯಿಗೆ ತಾನಾಗಿ ಬೀಳುತ್ತಾನೆ. ತಂದೆ ಮರಣಶಾಸನ ಬರೆಯದೆ ತೀರಿಕೊಂಡರೆ, ನಮ್ಮ ಕ್ರೈಸ್ತ ಕುಟುಂಬಗಳಿಗೆ ಅನ್ವಯಿಸುವ 1925ರ ಭಾರತೀಯ ಉತ್ತರಾಧಿಕಾರ ಕಾಯಿದೆಯಂತೆ ಮೂರರಲ್ಲಿ ಒಂದು ಪಾಲು ತಾಯಿಗೆ, ಉಳಿದ ಎರಡು ಪಾಲು ಗಂಡು ಹೆಣ್ಣೆಂಬ ಭೇದವಿಲ್ಲದೆ ಎಲ್ಲ ಮಕ್ಕಳಿಗೂ ಸಮನಾಗಿ. ಹನ್ನೆರಡು ವರ್ಷ ಕುವೈತಿನಲ್ಲಿ ದುಡಿದು ಬಂದವನು, ತನ್ನ ಹಣದಿಂದ ಕೊಂಡ ಗದ್ದೆಯಲ್ಲಿ ತನಗೆ ಸಿಗುವುದು ಒಂದು ಮಡಿ ಮಾತ್ರವೆಂದು ತಿಳಿದು ನಮ್ಮ ಮುಂದೆ ಮಾತಿಲ್ಲದೆ ಕುಳಿತದ್ದನ್ನು ನಾವು ಕಂಡಿದ್ದೇವೆ. ಅಕ್ಕತಂಗಿಯರು ಕೇಳಿದ್ದು ಅನ್ಯಾಯವಲ್ಲ, ಕಾನೂನು ಕೊಟ್ಟ ಹಕ್ಕು. ಅವನ ಬೆವರೂ ಸುಳ್ಳಲ್ಲ. ಅಂದಿನಿಂದ ಆ ಮನೆಯವರು ಒಂದೇ ಸಾಲಿನಲ್ಲಿ ಕುಳಿತು ಬಲಿಪೂಜೆ ಕೇಳಿಲ್ಲ. ಗದ್ದೆ ಕೊಳ್ಳುವ ದಿನವೇ ತಂದೆ ಎಲ್ಲ ಮಕ್ಕಳನ್ನೂ ಕೂರಿಸಿಕೊಂಡು ಮಾತನಾಡಿ, ಮರಣಶಾಸನವನ್ನು ಬರೆದು ಇಬ್ಬರು ಸಾಕ್ಷಿಗಳ ಸಹಿ ಹಾಕಿಸಿ ಇಡಲೆಂದು ನಾವು ಕೈಮುಗಿದು ಬೇಡುತ್ತೇವೆ.

ಮಾರುವಾಗಲೂ ಎಚ್ಚರ ಬೇಕು. ಗ್ರಾಮಾಂತರದ ಕೃಷಿ ಭೂಮಿಯ ಮಾರಾಟದ ಲಾಭಕ್ಕೆ ತೆರಿಗೆಯಿಲ್ಲ. ಪಟ್ಟಣದ ಎಲ್ಲೆಯೊಳಗೆ, ಅಥವಾ ಪಟ್ಟಣದ ಜನಸಂಖ್ಯೆಗನುಸಾರವಾಗಿ ಎಲ್ಲೆಯಿಂದ 2, 6 ಇಲ್ಲವೆ 8 ಕಿಲೋಮೀಟರಿನೊಳಗೆ ಇದ್ದರೆ ಅದು ಗ್ರಾಮಾಂತರವಲ್ಲ. ಅನಿವಾಸಿಯಿಂದ ನಿವೇಶನವನ್ನೋ ಮನೆಯನ್ನೋ ಕೊಳ್ಳುವವನು, ಊರಿನವರಿಂದ ಕೊಳ್ಳುವಾಗಿನಂತೆ ನೂರಕ್ಕೆ ಒಂದನ್ನು ಮುರಿದುಕೊಂಡರೆ ಸಾಲದು. ಹೆಚ್ಚಿನ ದರದಲ್ಲಿ ಮುರಿದು ಸರ್ಕಾರಕ್ಕೆ ಕಟ್ಟಬೇಕು. ತಪ್ಪಿದರೆ ಇಲಾಖೆ ಹಿಡಿಯುವುದು ಕೊಂಡವನನ್ನೇ.

ನಮ್ಮವರೇ ಆದ ಗುರುಗಳು, ಧರ್ಮಭಗಿನಿಯರ ಬಗ್ಗೆಯೂ ಒಂದು ಮಾತು. ಬಡತನದ ವ್ರತ ತೊಟ್ಟು, ಸಂಬಳವನ್ನೆಲ್ಲ ಸಭೆಗೆ ಒಪ್ಪಿಸುವವರಿಗೆ ತೆರಿಗೆಯೇಕೆ ಎಂಬ ವಾದ ಬಹುಕಾಲ ನಡೆಯಿತು. 1944 ಮತ್ತು 1977ರ ಸುತ್ತೋಲೆಗಳ ಆಧಾರದ ಮೇಲೆ ಅನುದಾನಿತ ಶಾಲೆಗಳಲ್ಲಿ ಅವರ ಸಂಬಳದಿಂದ ತೆರಿಗೆ ಮುರಿಯದ ರೂಢಿಯೂ ಹಲವೆಡೆ ಇತ್ತು. 2019ರಲ್ಲಿ ಮದ್ರಾಸ್ ಉಚ್ಚ ನ್ಯಾಯಾಲಯ ಅದನ್ನು ಒಪ್ಪಲಿಲ್ಲ. 2024ರ ನವೆಂಬರಿನಲ್ಲಿ ಸರ್ವೋಚ್ಚ ನ್ಯಾಯಾಲಯವೂ ಮೇಲ್ಮನವಿಗಳನ್ನು ತಳ್ಳಿಹಾಕಿತು. ಸಂಬಳ ವ್ಯಕ್ತಿಯ ಕೈಗೆ ಬಂದ ಮೇಲೆ ಅವರು ಅದನ್ನು ಯಾರಿಗೆ ಕೊಡುತ್ತಾರೆಂಬುದು ಬೇರೆ ಮಾತು ಎಂಬುದು ಅಲ್ಲಿನ ನೋಟ. ಸುಂಕದ ಕಟ್ಟೆಯಿಂದ ಎದ್ದು ಬಂದ ಮತ್ತಾಯನನ್ನು ಪ್ರೇಷಿತನೆಂದು ಗೌರವಿಸುವ ನಾವು ಇದಕ್ಕೆ ಬೇಸರಪಡಬೇಕಾಗಿಲ್ಲ.

ಕಾಗದಪತ್ರಗಳ ಬಗ್ಗೆ. ಹಳೆಯ ಪಾಸ್‌ಪೋರ್ಟುಗಳನ್ನು ಎಸೆಯಬೇಡಿರಿ. ದಿನಗಳ ಲೆಕ್ಕಕ್ಕೆ ಅದರ ಮೊಹರುಗಳೇ ಸಾಕ್ಷಿ. ವಿಮಾನದ ಟಿಕೆಟ್ಟು, ಸಂಬಳದ ಚೀಟಿ, ಕೆಲಸದ ಕರಾರು ಇವೂ ಇರಲಿ. ಪ್ಯಾನ್ ಕಾರ್ಡನ್ನು ಆಧಾರಿಗೆ ಜೋಡಿಸುವ ನಿಯಮದಿಂದ ಅನಿವಾಸಿಗೆ ವಿನಾಯಿತಿ ಇದ್ದರೂ ತಾನು ಅನಿವಾಸಿಯೆಂದು ಇಲಾಖೆಗೆ ತಿಳಿಸಿರಬೇಕು; ತಿಳಿಸದ ಎಷ್ಟೋ ಮಂದಿಯ ಪ್ಯಾನ್ 2023ರಲ್ಲಿ ನಿಷ್ಕ್ರಿಯವಾಯಿತು.

ಕೊನೆಯದಾಗಿ ಶತಮಾನೋತ್ಸವದ ನಿಧಿ. ಹೊರದೇಶಗಳಿಂದ ನಮ್ಮ ಮಕ್ಕಳು ಉದಾರವಾಗಿ ಕಳುಹಿಸುತ್ತಿದ್ದಾರೆ, ದೇವರು ಅವರನ್ನು ಹರಸಲಿ. ಭಾರತದ ಪಾಸ್‌ಪೋರ್ಟು ಇರುವವರು ತಮ್ಮ ಉಳಿತಾಯದಿಂದ ಬ್ಯಾಂಕಿನ ಮೂಲಕ ಕಳುಹಿಸಿದ ಕಾಣಿಕೆಯನ್ನು ಕಾನೂನು ವಿದೇಶಿ ದೇಣಿಗೆಯೆಂದು ಎಣಿಸುವುದಿಲ್ಲ. ಆದರೆ ಬೇರೆ ದೇಶದ ಪೌರತ್ವ ಪಡೆದವರ ಕಾಣಿಕೆ, ಅವರು ನಮ್ಮ ಊರಲ್ಲೇ ಹುಟ್ಟಿ ಇದೇ ತೊಟ್ಟಿಯಲ್ಲಿ ಜ್ಞಾನಸ್ನಾನ ಪಡೆದವರಾದರೂ, ವಿದೇಶಿ ದೇಣಿಗೆಯೇ. ಅದನ್ನು ನೋಂದಣಿಯಾದ ಸಂಸ್ಥೆ ಮಾತ್ರ ದೆಹಲಿಯಲ್ಲಿ ಗೊತ್ತುಪಡಿಸಿದ ಖಾತೆಯ ಮೂಲಕ ಪಡೆಯಬೇಕು. ಅಂಥ ಬಂಧುಗಳು ಇದ್ದವರು ಹಣ ಕಳುಹಿಸುವ ಮುನ್ನವೇ ಅವರ ಹೆಸರನ್ನು ಸಮಿತಿಯ ಕಾರ್ಯದರ್ಶಿಗಳಲ್ಲಿ ಬರೆಸಿರಿ. ಯಾವ ಖಾತೆಗೆ ಕಳುಹಿಸಬೇಕೆಂದು ಅವರು ತಿಳಿಸುತ್ತಾರೆ.